ಸಂಡಿಗೆಯ ಮೇಲೆ ಬಿದ್ದ ಪರದೇಶದ ಧೂಳು

ಪೀಣ್ಯದಲ್ಲಿ ಮನೆ ಮಾಡಿದವರಿಗೆ ಅಕ್ಕಪಕ್ಕದವರಿಗಿಂತ ಮೊದಲು ಪರಿಚಯವಾಗುವುದು ಅವರ ಧೂಳು. ನಾವು ಆ ಬೀದಿಗೆ ಬಂದ ಒಂದು ವರ್ಷದೊಳಗೆ, ಕಿಟಕಿ ಒರೆಸಿದ ಬಟ್ಟೆ ನೋಡಿ ಯಾವ ಶೆಡ್ಡಿನಲ್ಲಿ ಈ ವಾರ ಕೆಲಸ ಜೋರಾಗಿದೆ ಎಂದು ಹೇಳುವಷ್ಟು ನಾನು ಪಳಗಿದ್ದೆ. ಬೆರಳಿಗೆ ಕಪ್ಪಗೆ ಅಂಟಿ, ತೊಳೆದರೆ ತುಕ್ಕಿನ ನೀರು ಬಿಡುವುದು ಕಬ್ಬಿಣ ಉಜ್ಜುವವರದು. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿದ್ದು, ಒಂದು ದಿನ ನೀಲಿ, ಮರುದಿನ ಹಸಿರಾಗಿ ಬರುವುದು ಪೇಂಟ್ ಶೆಡ್ಡಿನದು. ಮರದ ಹೊಟ್ಟು ಪ್ಯಾಕಿಂಗ್ ಪೆಟ್ಟಿಗೆ ಮಾಡುವವರದು. ಕೆಂಪಗಿರುವುದು ರಸ್ತೆಯದು. ಅದೊಂದಕ್ಕೆ ಮಾತ್ರ ಕೇಳುವವರಿಲ್ಲ. ಮಿಕ್ಕ ಧೂಳಿಗೆಲ್ಲ ಒಬ್ಬ ಯಜಮಾನನಿದ್ದಾನೆ, ಅವನಿಗೊಂದು ಶೆಡ್ಡಿದೆ, ಶೆಡ್ಡಿಗೊಂದು ಬಾಗಿಲಿದೆ, ಹೋಗಿ ಬಾಗಿಲು ಬಡಿದು ಜಗಳ ಆಡಿಬರಬಹುದು. ಹೀಗೆಂದು ನಮ್ಮ ಬೀದಿಯ ಹದಿನಾಲ್ಕು ಮನೆಯವರೂ ನಂಬಿದ್ದೆವು.

ಈ ಧೂಳಿನಿಂದಾಗಿಯೇ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಬೇರೆ ಕಡೆಯ ನೆಂಟರಿಗೆ ಹೇಳಿದರೆ ನಗುತ್ತಿದ್ದರು. ಒಣಗಿದ ಸಂಡಿಗೆಯನ್ನು ಡಬ್ಬಕ್ಕೆ ತುಂಬುವ ಮುಂಚೆ, ಹಳೆಯ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸಂಡಿಗೆಯ ಮೇಲೆ ಎರಡು ಸಲ ಆಡಿಸಬೇಕು. ಕವರಿನ ಮೇಲೆ ಎಳೆ ಮೀಸೆಯ ಹಾಗೆ ಕಬ್ಬಿಣದ ಪುಡಿ ಎದ್ದು ನಿಲ್ಲುತ್ತದೆ. ಕವರನ್ನು ಒಳಗು ಹೊರಗು ಮಾಡಿ ಒದರಿದರೆ ಮುಗಿಯಿತು, ಸಂಡಿಗೆ ಶುದ್ಧ. ಇಡೀ ಬೀದಿಗೆ ಆಯಸ್ಕಾಂತ ಇದ್ದದ್ದು ಒಂದೇ. ಚಕ್ಕುಲಿ ಒರಳಿನ ಜೊತೆ ಅದೂ ಮನೆಯಿಂದ ಮನೆಗೆ ಹೋಗುತ್ತಿತ್ತು.

ನಮ್ಮ ಮನೆಯ ಹಿಂದೆ, ಪೂರ್ವಕ್ಕೆ, ಕಾಂಪೌಂಡಿಗೆ ಅಂಟಿಕೊಂಡ ಹಾಗೆ ಒಂದು ತಗಡಿನ ಶೆಡ್ಡಿತ್ತು. ಒಂದು ಮಳೆಗಾಲದಲ್ಲಿ ಅದಕ್ಕೆ ಬಾಗಲಕೋಟೆ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಎರಕದ ಕಾರ್ಖಾನೆಗಳಿಂದ ಒರಟು ಒರಟಾಗಿ ಬರುವ ಕಬ್ಬಿಣದ ತುಂಡುಗಳ ಅಂಚು ಉಜ್ಜಿ ನಯ ಮಾಡಿ ಕಳಿಸುವುದು ಅವರ ಕೆಲಸ. ಗಂಡ ಉಜ್ಜುವುದು, ಹೆಂಡತಿ ಎಣಿಸಿ ಮೂಟೆ ಕಟ್ಟುವುದು. ಬೆಳಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಆರರವರೆಗೆ ಕೊಯ್ಯೋ ಎನ್ನುವ ಸದ್ದು. ಬೀದಿಯವರೆಲ್ಲ ಅವರನ್ನು ಗ್ರೈಂಡಿಂಗ್‌ನವರು ಎನ್ನುತ್ತಿದ್ದೆವು. ಎಂಟು ತಿಂಗಳು ಹಿತ್ತಲ ಗೋಡೆಯ ಆಚೆ ಈಚೆ ಇದ್ದೂ ನಾನು ಅವರ ಜೊತೆ ಆಡಿದ ಮಾತು, ಸದ್ದು ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅನ್ನುವುದರ ಆಚೆ ಹೋಗಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬುಧವಾರ ನಮ್ಮ ಮನೆಯ ಸಂಡಿಗೆ ಸರದಿ. ಬೀದಿಯ ಹೆಂಗಸರು ದಿನಕ್ಕೊಂದು ಮನೆಯಂತೆ ಹಂಚಿಕೊಂಡು, ಎಲ್ಲರೂ ಸೇರಿ ಒಬ್ಬೊಬ್ಬರ ಮಹಡಿಯ ಮೇಲೆ ಹಾಕುತ್ತಿದ್ದೆವು. ನಾನು ನಾಲ್ಕು ಸೇರು ಅಕ್ಕಿಯ ಹಿಟ್ಟು ಕುದಿಸಿ, ಜೀರಿಗೆ, ಹಸಿಮೆಣಸಿನಕಾಯಿ, ನಿಂಬೆಹುಳಿ ಹಾಕಿ ಇಟ್ಟಿದ್ದೆ. ಏಳು ಗಂಟೆಯೊಳಗೆ ಐದಾರು ಜನ ಕೂತು, ಅತ್ತೆಯರನ್ನೂ ನಾದಿನಿಯರನ್ನೂ ಆಡಿಕೊಳ್ಳುತ್ತ ಒತ್ತಿ ಮುಗಿಸಿದೆವು. ಪ್ಲಾಸ್ಟಿಕ್ ಹಾಳೆಯ ಒಂದು ಅಂಚು ಗಾಳಿಗೆ ಎದ್ದೆದ್ದು ಬರುತ್ತಿತ್ತು. ಅಂಗಳದಿಂದ ಚಪ್ಪಡಿ ಕಲ್ಲಿನ ತುಂಡುಗಳನ್ನು ತಂದು ಆ ಅಂಚಿಗೆ ಹೇರಿದೆ.

ಆದರೆ ಅಂದು ಬಿಸಿಲೇ ಬರಲಿಲ್ಲ. ಮೋಡವೂ ಇರಲಿಲ್ಲ. ಆಕಾಶ ಹಾಲು ಬೆರೆಸಿದ ನೀರಿನಂತಿತ್ತು. ಮಧ್ಯಾಹ್ನದ ಸೂರ್ಯನನ್ನು ಕಣ್ಣು ಕಿವುಚದೆ ನೋಡಬಹುದಿತ್ತು, ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗಿದ್ದ. ನಾಗಸಂದ್ರದ ಕಡೆಯ ಎತ್ತರದ ಕಟ್ಟಡಗಳು ಕಾಣಲೇ ಇಲ್ಲ. ಸಂಜೆಯಾದರೂ ಸಂಡಿಗೆ ಹಸಿಯಾಗಿಯೇ ಇದ್ದವು. ಎತ್ತಿದರೆ ಮುರಿಯುತ್ತವೆಂದು ಅಲ್ಲೇ ಬಿಟ್ಟು, ಮೇಲೊಂದು ತೆಳುವಾದ ಪಂಚೆ ಹೊದಿಸಿ ಇಳಿದೆ. ಮಲಗುವ ಮುಂಚೆ ತಗಡಿನ ಮೇಲೆ ಹತ್ತಿಪ್ಪತ್ತು ಹನಿ ಬಿದ್ದ ಸದ್ದು. ನಾನು ಏಳುವಷ್ಟರಲ್ಲಿ ಅದೂ ನಿಂತಿತು.

ಬೆಳಗ್ಗೆ ಹೋಗಿ ನೋಡುತ್ತೇನೆ, ಬಿಳಿ ಪಂಚೆಯ ತುಂಬ ರಾಗಿ ಅಂಬಲಿ ಚಿಮುಕಿಸಿದಂತೆ ಕಂದು ಚುಕ್ಕೆಗಳು. ಪಂಚೆ ಎತ್ತಿದರೆ ಕೆಳಗೆ ಸಂಡಿಗೆಯ ಮೇಲೂ ಅದೇ ಚುಕ್ಕೆ. ತುಳಸಿ ಎಲೆಯ ಮೇಲೆ, ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ, ನಮ್ಮವರ ಸ್ಕೂಟರಿನ ಸೀಟಿನ ಮೇಲೆ, ಎಲ್ಲ ಕಡೆ ಇದೇ. ಬೆರಳಲ್ಲಿ ತಿಕ್ಕಿದೆ. ನುಣುಪು, ಮಾಸಲು ಹಳದಿ. ನನಗೆ ಗುರುತು ಸಿಗದ ಧೂಳು.

ಗುರುತು ಸಿಗದಿದ್ದರೇನು, ಬೈಯಲು ಅಡ್ಡಿಯಿಲ್ಲವಲ್ಲ. ನಾಲ್ಕು ಸೇರಿನ ಸಂಡಿಗೆ ಹಸುವಿನ ಪಾಲಾಗುವುದನ್ನು ಕಂಡು ಹೊಟ್ಟೆ ಉರಿಯುತ್ತಿತ್ತು. ಮಹಡಿಯ ಹಿಂಬದಿಯ ಅಂಚಿನಲ್ಲಿ ನಿಂತು ಶೆಡ್ಡಿನ ಕಡೆ ಕೂಗಿದೆ. "ಏನ್ರೀ ಇದು, ಮನುಷ್ಯರು ಬದುಕೋದು ಬೇಡ್ವಾ ಇಲ್ಲಿ?"

ನನ್ನ ದನಿಗೆ ಮೊದಲು ಬಂದವರು ಎದುರು ಮನೆಯ ಫೋರ್‌ಮನ್ನರು. ನಮ್ಮವರು ಕೆಲಸ ಮಾಡುವ ಸರ್ಕಾರಿ ಕಾರ್ಖಾನೆಯಲ್ಲೇ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ಕಾರ್ಖಾನೆ ಬಿಟ್ಟು ನಮ್ಮ ಬೀದಿಯ ಮೇಲ್ವಿಚಾರಣೆ ವಹಿಸಿಕೊಂಡಿದ್ದರು. ಅವರ ಹಿಂದೆ ನಾಲ್ಕೈದು ಮನೆಯವರು ಮಹಡಿ ಹತ್ತಿದರು. ಕೊನೆಗೆ ಕೈ ಒರೆಸಿಕೊಳ್ಳುತ್ತ ಗ್ರೈಂಡಿಂಗ್‌ನವರೂ ಬಂದರು. ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಹುಬ್ಬಿನ ಮೇಲೆಲ್ಲ ಕಬ್ಬಿಣದ ಪುಡಿ. ಬಗ್ಗಿ ಒಂದು ಸಂಡಿಗೆ ಎತ್ತಿಕೊಂಡರು, ಮೂಸಿದರು, ಉಗುರಲ್ಲಿ ಚುಕ್ಕೆ ಕೆರೆದು ನಾಲಗೆಗೆ ಮುಟ್ಟಿಸಿದರು.

"ಅಕ್ಕಾರ, ಇದು ನಮ್ಮ ಶೆಡ್ಡಿಂದಲ್ರಿ," ಎಂದರು. "ಇದು ಕುವೈತ್ ಕಡೀ ಮಣ್ಣೈತಿ. ಮೂರು ವರ್ಷ ಅಲ್ಲಿ ವೆಲ್ಡಿಂಗ್ ಮಾಡೇನ್ರಿ. ದಿನಾ ಇದನ್ನ ತಿಂದೇನಿ, ರುಚಿ ಗೊತ್ತೈತಿ ನನಗ."

ಫೋರ್‌ಮನ್ನರು ಕನ್ನಡಕ ಸರಿಮಾಡಿಕೊಂಡರು. "ನಿನ್ ಶೆಡ್ಡು ಇಲ್ಲಿಂದ ಹತ್ತಡಿ. ಕುವೈತ್ ಎಷ್ಟಡಿ ಕಣಪ್ಪಾ? ಸುಳ್ಳು ಹೇಳೋದಾದ್ರೆ ಸ್ವಲ್ಪ ಹತ್ರದ್ದು ಹೇಳು. ತುಮಕೂರು ಅನ್ನು, ಯೋಚ್ನೆ ಮಾಡ್ತೀನಿ."

"ಅದಕ್ಕೆ ವೀಸಾ ಕೊಟ್ಟೋರ್ಯಾರು?" ಅಂದೆ ನಾನು.

ಎಲ್ಲರೂ ನಕ್ಕರು. ಗ್ರೈಂಡಿಂಗ್‌ನವರೂ ನಗಲು ನೋಡಿದರು, ಆಗಲಿಲ್ಲ. ಸಂಡಿಗೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಇಳಿದು ಹೋದರು. ನನ್ನ ಆ ಮಾತಿಗೆ ಸಿಕ್ಕ ನಗು ನನಗೆ ಅವತ್ತು ಸಂಡಿಗೆ ಹೋದ ದುಃಖವನ್ನು ಅರ್ಧ ಮರೆಸಿತು ಎಂದು ಒಪ್ಪಿಕೊಳ್ಳಲೇಬೇಕು.

ಅಂದು ಸಂಜೆಯೇ ಫೋರ್‌ಮನ್ನರು ಶೆಡ್ಡಿನ ಓನರ್ ಜೊತೆ ಮಾತಾಡಿ ಬಂದರು. ಬೀದಿಯ ತುದಿಯಲ್ಲಿ ಮನೆ ಇದ್ದ ಓನರ್ ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಹದಿನಾಲ್ಕು ಮನೆಯವರೂ ಸಹಿ ಹಾಕಿ ಭಾನುವಾರ ಅರ್ಜಿ ಕೊಟ್ಟರೆ ತಿಂಗಳ ಕೊನೆಗೆ ಅವರನ್ನು ಖಾಲಿ ಮಾಡಿಸುತ್ತೇನೆ ಎಂದಿದ್ದರಂತೆ. ಅರ್ಜಿ ಬರೆಯುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು. ಬೀದಿ ದೀಪಕ್ಕೆ, ನಲ್ಲಿ ನೀರಿಗೆ, ನಾಯಿ ಕಾಟಕ್ಕೆ ಬರೆದದ್ದೂ ನಾನೇ. ಅಕ್ಷರ ಮುತ್ತಿನ ಹಾಗಿದೆ ಎಂದು ಯಾರಾದರೂ ಹೇಳಿದರೆ ಏನು ಬೇಕಾದರೂ ಬರೆದುಕೊಡುವ ದೌರ್ಬಲ್ಯ ನನಗಿದೆ. "ಮಾನ್ಯರೇ, ಸದರಿ ಶೆಡ್ಡಿನಿಂದ ಹೊರಡುವ ಧೂಳಿನಿಂದಾಗಿ ದಿನಾಂಕ ಇಂಥದರಂದು ನಮ್ಮ ಆಹಾರ ಪದಾರ್ಥಗಳು ಸಂಪೂರ್ಣ ನಾಶವಾಗಿದ್ದು" ಎಂದು ಒಂದು ಪುಟ ತುಂಬಿಸಿದೆ.

ನಮ್ಮವರು ಸಂಜೆ ಬಂದು ಕೆಟ್ಟ ಸಂಡಿಗೆಯೊಂದನ್ನು ಪುಡಿ ಮಾಡಿ ಆಯಸ್ಕಾಂತ ಹಿಡಿದರು. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತು ವರ್ಷ ಅಳೆದು ಅಳೆದು ಅವರಿಗೆ ಯಾವುದನ್ನೂ ಬರಿಗಣ್ಣಿನಲ್ಲಿ ನಂಬಿ ಅಭ್ಯಾಸವಿಲ್ಲ. "ಒಂದು ಕಣಾನೂ ಅಂಟ್ತಿಲ್ಲ ನೋಡು," ಎಂದರು.

"ಎರಕದ ಕಬ್ಬಿಣಕ್ಕೆ ಅಚ್ಚಿನ ಮರಳು ಮೆತ್ಕೊಂಡಿರುತ್ತಲ್ಲ, ಅದು ಬಿದ್ದಿರತ್ತೆ. ಮರಳು ಎಲ್ಲಿ ಅಂಟತ್ತೆ?"

"ಅಚ್ಚಿನ ಮರಳು ಸುಟ್ಟು ಕಪ್ಪಾಗಿರತ್ತೆ ಕಣೇ. ಇದು ಹಳದಿ."

"ನೀವು ಅವ್ರ ವಕೀಲರಾ?" ಎಂದು ಕೇಳಿ ಸಾರಿಗೆ ಒಗ್ಗರಣೆ ಹಾಕಿದೆ. ಆಯಸ್ಕಾಂತವನ್ನು ಕಂಡುಹಿಡಿದವಳೇ ನಾನು ಎನ್ನುವ ಹಾಗೆ ಬೀದಿಯಲ್ಲಿ ಮೆರೆದವಳು, ಅದು ಹೇಳಿದ್ದನ್ನು ಅಂದು ಕೇಳಿಸಿಕೊಳ್ಳಲಿಲ್ಲ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸಹಿ ಬಿದ್ದಿದ್ದವು. ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು, ಮಿಕ್ಕ ಮೂರು ಮನೆಗೆ ಊಟವಾದ ಮೇಲೆ ಹೋಗೋಣ ಎಂದು ಕೂತಿದ್ದೆ. ಫೋನ್ ಬಂತು. ಆನೇಕಲ್ಲಿನಲ್ಲಿ ತರಕಾರಿ ಬೆಳೆಯುವ ದೊಡ್ಡಮ್ಮನ ಮಗಳು.

"ಏನಮ್ಮೀ, ನಿಮ್ಕಡೇನೂ ಮಣ್ಣಿನ್ ಮಳೆ ಉಯ್ತಾ?" ಎಂದಳು. "ನಮ್ ಊಕೋಸಿನ ಮ್ಯಾಲೆಲ್ಲ ಯಾರೋ ಇಟ್ಟು ಎರಚ್ದಂಗೆ ಆಗೈತೆ ಕಣೇ. ಮಾರ್ಕೆಟ್ಟಿಗೆ ತಕ್ಕೊಂಡೋಗಕ್ಕೆ ತೊಳ್ದೂ ತೊಳ್ದೂ ಕೈ ಬಿದ್ದೋಯ್ತು."

ಪೀಣ್ಯ ಊರಿನ ಈ ತುದಿ, ಆನೇಕಲ್ ಆ ತುದಿಯ ಆಚೆ. ಬಸ್ಸಿನಲ್ಲಿ ಹೋದರೆ ಅರ್ಧ ದಿನ. ನಮ್ಮ ಹಿತ್ತಲ ಗ್ರೈಂಡರಿಗೆ ಅಲ್ಲಿನ ಹೂಕೋಸಿನವರೆಗೆ ಧೂಳು ಹಾರಿಸುವ ಶಕ್ತಿ ಇದ್ದಿದ್ದರೆ ಅವರು ಬೇರೆ ಏನಾದರೂ ದೊಡ್ಡ ಕೆಲಸಕ್ಕೆ ಹೋಗಿರುತ್ತಿದ್ದರು.

"ಯಾವಾಗ?" ಅಂದೆ.

"ಬುದ್ವಾರ ಸಂಜೆ. ಅವತ್ತೆಲ್ಲ ಬಿಸ್ಲೇ ಇರ್ಲಿಲ್ಲ. ಸರ್ಜಾಪುರ್ದಾಗೂ ಇಂಗೇ ಅಂತೆ."

ಆಕೆ ಇಟ್ಟ ಕೂಡಲೇ ಕಾರವಾರದಲ್ಲಿರುವ ನಾದಿನಿಗೆ ಫೋನ್ ಹಚ್ಚಿದೆ. ಅರಬ್ಬರ ಮಣ್ಣು ಬರುವುದಾದರೆ ಸಮುದ್ರ ದಾಟಿ ಬರಬೇಕು, ದಾಟಿದರೆ ಮೊದಲು ಅವಳ ಮನೆ ಸಿಗಬೇಕು ಎನ್ನುವುದು ನನ್ನ ಲೆಕ್ಕ.

"ಅತ್ತಿಗೆ, ಎರಡು ದಿವಸ ಸಮುದ್ರನೇ ಕಾಣ್ಲಿಲ್ಲ ಇಲ್ಲಿ," ಎಂದಳು ಅವಳು. "ಅಂಗಳದಲ್ಲಿ ಹಾಕಿದ್ದ ಬಿಳೀ ಸೀರೆ ಚಾ ಚೆಲ್ಲಿದ ಹಾಗೆ ಆಗಿದೆ. ಅರಬ್ ದೇಶದಲ್ಲಿ ದೊಡ್ಡ ಮಣ್ಣಿನ ಗಾಳಿ ಎದ್ದಿತ್ತಂತೆ, ಅದೇ ಇದು ಅಂತ ಬೋಟಿನವ್ರು ಹೇಳ್ತಾ ಇದ್ರು. ಯಾಕೆ ಕೇಳ್ತಿ?"

"ಸುಮ್ನೆ," ಅಂದೆ. ಹಿಂದಿನ ದಿನದ ಪತ್ರಿಕೆ ತೆಗೆದು ಹವಾಮಾನದ ಮೂಲೆ ಹುಡುಕಿದೆ. ಬೆರಳುದ್ದದ ಸುದ್ದಿಯಲ್ಲಿ ಅದೇ ಇತ್ತು. ಆ ಪತ್ರಿಕೆಯ ಮೇಲೆ ನಾನು ಬೆಳಗ್ಗೆ ತಾನೇ ಕೊತ್ತಂಬರಿ ಸೊಪ್ಪು ಬಿಡಿಸಿದ್ದೆ.

ಸಂಜೆ ನಮ್ಮವರಿಗೆ ಎಲ್ಲ ಹೇಳಿದೆ. "ಹಾಗಾದ್ರೆ ಕಾಗದ ಹರಿದು ಹಾಕು," ಎಂದರು.

"ಹನ್ನೊಂದು ಜನದ ಸಹಿ ಇದೆ ರೀ. ಹರಿಯಕ್ಕೆ ನಾನ್ಯಾರು?"

"ಬರೆಯೋವಾಗ ನೀನ್ಯಾರಾಗಿದ್ದೆ?"

ಇಂಥ ಪ್ರಶ್ನೆ ಕೇಳಿ ಪೇಪರಿನ ಹಿಂದೆ ಸೇರಿಕೊಳ್ಳುವುದು ಅವರ ಕ್ರಮ.

ಶನಿವಾರ ಬೆಳಗ್ಗೆ ಗ್ರೈಂಡರಿನ ಸದ್ದು ಬರಲಿಲ್ಲ. ತಿಂಡಿ ಮುಗಿಸಿ, ಎಂಟು ತಿಂಗಳಲ್ಲಿ ಮೊದಲ ಸಲ ಆ ಶೆಡ್ಡಿನ ಬಾಗಿಲಿಗೆ ಹೋದೆ. ಗಂಡ ಯಂತ್ರದ ಪಕ್ಕ ಕೂತು ಸ್ಪ್ಯಾನರಿನಲ್ಲಿ ಏನೋ ಬಿಚ್ಚುತ್ತಿದ್ದರು. ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಅರ್ಜಿಯ ಸುದ್ದಿ ಮುಟ್ಟಿರಬೇಕು, ಆಗಲೇ ಹೊರಡುವ ತಯಾರಿ.

"ಬರ್ರಿ ಅಕ್ಕಾರ, ಕುಂದರ್ರಿ," ಎಂದು ಆಕೆ ಒಂದು ಖಾಲಿ ಪೇಂಟ್ ಡಬ್ಬ ಬೋರಲು ಹಾಕಿ, ಸೆರಗಿನಿಂದ ಒರೆಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇನ್ನೂ ಅರ್ಜಿ ಕೊಟ್ಟಿಲ್ಲ," ಅಂದೆ.

"ಇವತ್ತಲ್ಲ ನಾಳಿ ಕೊಡ್ತೀರಲ್ರಿ," ಎಂದರು ಆಕೆ. "ಪೀಣ್ಯಾದಾಗ ನಾಕು ವರ್ಷಕ್ಕ ಮೂರು ಜಾಗಾ ಆತು. ತ್ರೀ ಫೇಸ್ ಕರೆಂಟ್ ಇರೋ ಶೆಡ್ಡು ಸಿಗೂದು ಸಸಾರ ಅಲ್ರಿ. ಈ ಸಲ ಸಿಗಲಿಲ್ಲಂದ್ರ ಊರಿಗೇ ಹೋಗೂದು, ಮಷೀನ್ ಮಾರಿ."

ಒಲೆಯ ಹಿಂದೆ ನೆಲದ ಮೇಲಿಟ್ಟಿದ್ದ ಮೊರದಲ್ಲಿ ಏನೋ ಹರಡಿತ್ತು. ನೋಡಿದರೆ ಜೋಳದ ಹಪ್ಪಳ. ಅವುಗಳ ಮೇಲೂ ನನ್ನ ಸಂಡಿಗೆಯ ಮೇಲಿದ್ದ ಅದೇ ಕಂದು ಚುಕ್ಕೆ.

"ಇದೂ ಬುಧವಾರದ್ದಾ?"

"ಹೌದ್ರಿ. ಶೆಡ್ಡಿನ ಹಿಂದ ಒಣಾ ಹಾಕಿದ್ನಿ. ಎಲ್ಲಾ ಹಾಳಾದವು."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳಲಿಲ್ಲಲ್ರಿ," ಎಂದರು ಆಕೆ, ಬಹಳ ಸಹಜವಾಗಿ, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುವ ದನಿಯಲ್ಲೇ. ಅದೇ ಉಸಿರಿನಲ್ಲಿ ಸಕ್ಕರೆಯನ್ನೂ ಕೇಳಿದರು. ಚಹಾ ಬಂತು.

ನನಗೆ ತಪ್ಪೊಪ್ಪಿಕೊಳ್ಳುವುದಕ್ಕಿಂತ ಕುವೈತಿನ ಮಣ್ಣು ಇಲ್ಲಿಗೆ ಹೇಗೆ ಬಂತು ಎಂದು ಕೇಳುವುದು ಹಗುರವೆನಿಸಿತು. ಕೇಳಿದೆ. ಗಂಡ ಸ್ಪ್ಯಾನರ್ ಕೆಳಗಿಟ್ಟು ಹೇಳಿದರು.

"ಚಳಿಗಾಲ ಮುಗಿಯೂ ಹೊತ್ತಿಗೆ ಅಲ್ಲಿ ಬಡಗಣ ಕಡಿಂದ ತಂಡಿ ಗಾಳಿ ನುಗ್ಗತೈತ್ರಿ. ಶಮಾಲ್ ಅಂತಾರ. ದೂರಿಂದ ನೋಡಿದ್ರ ಮಣ್ಣಿನ ಗ್ವಾಡಿನೇ ನಡಕೋತ ಬಂದಂಗ ಕಾಣತೈತಿ. ಮುಗಿಲ ತನಕಾ ಎದ್ದಿರತೈತಿ. ನಾವು ಕಿಡಕ್ಯಾಗ ಹಸೀ ಟವೆಲ್ ತುರುಕಿ ಒಳಗ ಕೂಡತಿದ್ವಿ. ಆದ್ರೂ ಅನ್ನದಾಗ ಬರತಿತ್ತು. ಮರುದಿನಾ ಗಾಳಿ ಹೋತಂದ್ರ, ಉಸುಕು ಅಲ್ಲೇ ಬಿದ್ದಿರತಿತ್ತು, ಸಣ್ಣಂದು ಮಾತ್ರ ಇರತಿರಲಿಲ್ಲ. ಅದೆಲ್ಲಿ ಹೋಗತೈತಿ ಅಂತ ನಾ ಆವಾಗ ವಿಚಾರ ಮಾಡಿರಲಿಲ್ರಿ."

ಅವರು ಹೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಬೀದಿಯ ಹಿಟ್ಟಿನ ಗಿರಣಿ. ರಾಗಿ ಬೀಸುವಾಗ ತರಿ ಕಲ್ಲಿನ ಬುಡದಲ್ಲೇ ಬೀಳುತ್ತದೆ. ಸ್ವಲ್ಪ ನುಣ್ಣನೆಯದು ಡಬ್ಬದ ಸುತ್ತ. ಅತಿ ನುಣ್ಣನೆಯ ಹಿಟ್ಟು ಮಾತ್ರ ಮೇಲೆದ್ದು ತೊಲೆಯ ಮೇಲೆ, ಬಲ್ಬಿನ ಮೇಲೆ, ಆಚೆ ಗೋಡೆಯಲ್ಲಿ ತೂಗುವ ದೇವರ ಪಟದ ಮೇಲೆ ಕೂತಿರುತ್ತದೆ. ಇದೂ ಅಷ್ಟೇ. ಮರಳು ಮರುಭೂಮಿಯಲ್ಲೇ ಬಿತ್ತು, ಅದಕ್ಕಿಂತ ಹಗುರಾದದ್ದು ಸಮುದ್ರಕ್ಕೆ ಬಿತ್ತು. ಎಲ್ಲಕ್ಕಿಂತ ನುಣ್ಣನೆಯದು ಮೇಲಿನ ಗಾಳಿಯ ಬೆನ್ನೇರಿ ಎರಡು ಮೂರು ದಿನ ಸಮುದ್ರ ದಾಟಿ, ಘಟ್ಟ ದಾಟಿ ಬಂದು, ನಮ್ಮ ಆಕಾಶದಲ್ಲಿ ಹಾಲಿನಂತೆ ನಿಂತು ಬಿಸಿಲು ತಡೆಯಿತು. ರಾತ್ರಿಯ ನಾಲ್ಕು ಹನಿ ಮಳೆ ಅದನ್ನು ಹಿಡಿದುಕೊಂಡು ಕೆಳಗಿಳಿಯಿತು. ಅಷ್ಟು ದೂರದಿಂದ ಬಂದದ್ದಕ್ಕೆ ಇಳಿಯಲು ನಾಲ್ಕು ಸೇರಿನ ಸಂಡಿಗೆಯೇ ಬೇಕಾಗಿತ್ತೆ ಎಂದುಕೊಂಡು ನನಗೆ ನಗು ಬಂತು. ಚಹಾ ನೆತ್ತಿಗೇರಿತು. ಆಕೆ ಬೆನ್ನು ತಟ್ಟುತ್ತ ತಾವೂ ನಗತೊಡಗಿದರು. ಏಕೆಂದು ಅವರಿಗೆ ಗೊತ್ತಿರಲಿಲ್ಲ.

"ಬಿಚ್ಚಿದ್ದನ್ನ ಮತ್ತೆ ಹಾಕಿ," ಎಂದು ಎದ್ದೆ. "ನಾಳೆ ಹತ್ತು ಗಂಟೆಗೆ ಓನರ್ ಮನೆಗೆ ಬನ್ನಿ. ಇಬ್ಬರೂ ಬನ್ನಿ."

ಭಾನುವಾರ ಬೆಳಗ್ಗೆ ಹತ್ತಕ್ಕೆ ಬ್ಯಾಗು ಹಿಡಿದು ಹೊರಟೆ. ಓನರ್ ಮನೆಯ ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎಲ್ಲರೂ ಕೂತಿದ್ದರು. ಗ್ರೈಂಡಿಂಗ್‌ನವರು ಗಂಡ ಹೆಂಡತಿ ಗೇಟಿನ ಹತ್ತಿರ ನಿಂತಿದ್ದರು. ಮೂರು ಸಹಿ ಬಾಕಿ ಇದ್ದ ಅರ್ಜಿಯನ್ನು ಮೇಜಿನ ಮೇಲಿಟ್ಟು, ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದೆ.

"ಅದೇನದು ಎರಡನೇದು?" ಎಂದರು ಫೋರ್‌ಮನ್ನರು.

"ಮೊದಲನೇದು ತಪ್ಪಾಗಿದೆ ಸಾರ್. ತಿದ್ದುಪಡಿ."

ಓದಿದೆ. ಆನೇಕಲ್ಲಿನ ಹೂಕೋಸು, ಕಾರವಾರದ ಬಿಳಿ ಸೀರೆ, ಪತ್ರಿಕೆಯ ಸುದ್ದಿ, ಶೆಡ್ಡಿನ ಹಿಂದಿನ ಜೋಳದ ಹಪ್ಪಳ, ಎಲ್ಲ. ಅಂದು ಗಾಳಿಗೆ ಏಳುತ್ತಿದ್ದದ್ದು ಹಾಳೆಯ ಪಶ್ಚಿಮದ ಅಂಚು, ಕಲ್ಲು ಹೇರಿದ್ದೂ ಆ ಕಡೆಗೇ, ಶೆಡ್ಡು ಇರುವುದು ಪೂರ್ವಕ್ಕೆ, ಅಂದರೆ ಗಾಳಿ ಬೀಸಿದ್ದು ಶೆಡ್ಡಿನ ಕಡೆಗೇ ಹೊರತು ಶೆಡ್ಡಿನಿಂದಲ್ಲ ಎನ್ನುವುದನ್ನೂ ಬರೆದಿದ್ದೆ. ಕೊನೆಗೆ, ವೀಸಾದ ಮಾತು ಆಡಬಾರದಿತ್ತು, ಆಡಿದೆ, ಕ್ಷಮಿಸಬೇಕು ಎಂದು. ಆ ಸಾಲಿನ ಹತ್ತಿರ ದನಿ ಸ್ವಲ್ಪ ಸಣ್ಣದಾಯಿತು. ನಮ್ಮವರು ಹಿಂದಿನ ಸಾಲಿನಿಂದ "ಕೇಳಿಸ್ತಿಲ್ಲ" ಎಂದರು. ಮನೆಗೆ ಹೋದ ಮೇಲೆ ವಿಚಾರಿಸಿಕೊಳ್ಳೋಣ ಎಂದುಕೊಂಡು ಇನ್ನೊಮ್ಮೆ ಜೋರಾಗಿ ಓದಿದೆ.

ಫೋರ್‌ಮನ್ನರು ಎರಡೂ ಕಾಗದಗಳನ್ನು ಹತ್ತಿರ ಎಳೆದುಕೊಂಡು ನೋಡಿದರು. "ಸರಿ ಮೇಡಂ," ಎಂದರು ಆಮೇಲೆ. "ಬುಧವಾರದ್ದು ಅರಬ್ಬರದೇ ಆಗ್ಲಿ. ಬಾಕಿ ಮುನ್ನೂರ ಅರವತ್ನಾಲ್ಕು ದಿನದ ಧೂಳು ಯಾರ್ದು?"

ಗೇಟಿನ ಕಡೆಯಿಂದ ಉತ್ತರ ಬಂತು.

"ಅದು ನಮ್ಮದರಿ."

ಎಲ್ಲರೂ ತಿರುಗಿದರು. ಗ್ರೈಂಡಿಂಗ್‌ನವರು ಒಂದು ಹೆಜ್ಜೆ ಮುಂದೆ ಬಂದರು. "ಅದನ್ನ ಇಲ್ಲ ಅನ್ನೂದಿಲ್ರಿ ಸಾಹೇಬ್ರ. ಕರ್ರಗಿರೂದೆಲ್ಲಾ ನಮ್ಮದು. ಹಳದಿ ಅಷ್ಟ ನಮ್ಮದಲ್ಲ."

ಮೊದಲು ನಕ್ಕವರು ಓನರ್. ಆಮೇಲೆ ಪೋರ್ಟಿಕೋ ಪೂರ್ತಿ. ಫೋರ್‌ಮನ್ನರ ಮುಖ ಕೂಡ ಸಡಿಲವಾಯಿತು. ನಲವತ್ತು ವರ್ಷ ಕಾರ್ಖಾನೆಯಲ್ಲಿ, ಕೆಟ್ಟ ಮಾಲಿಗೆ ಇದು ನನ್ನದು ಎಂದು ಒಪ್ಪಿಕೊಂಡ ಕೆಲಸಗಾರನನ್ನು ಅವರು ಕಂಡದ್ದು ಕಮ್ಮಿಯಿರಬೇಕು.

"ಅದಕ್ಕೇನ್ ಮಾಡ್ತೀಯ ಹೇಳು," ಎಂದರು.

"ಬಾಗಲಿಗೆ, ಕಿಡಕಿಗೆ ಗೋಣಿತಟ್ಟು ಕಟ್ಟಿ ನೀರ ಹೊಡೀತೇನ್ರಿ. ಹಸೀ ತಟ್ಟಿಗೆ ಪುಡಿ ಹತ್ತಕೊಂಡು ನಿಂದರತೈತಿ. ಸಂಡಿಗಿ ಹಾಕೂ ತಿಂಗಳದಾಗ ಅಕ್ಕಾರು ಹೇಳಿದ ಹೊತ್ತಿಗೆ ಮಷೀನ್ ಹಚ್ಚತೇನಿ."

"ಹನ್ನೊಂದರ ಮೇಲೆ," ಎಂದಿತು ಒಂದು ಹೆಣ್ಣು ದನಿ. "ಹನ್ನೆರಡು," ಎಂದಿತು ಇನ್ನೊಂದು. ಚೌಕಾಸಿ ನಡೆದು ಹನ್ನೊಂದೂವರೆಗೆ ನಿಂತಿತು.

ಓನರ್ ಅರ್ಜಿ ಎತ್ತಿಕೊಂಡು, "ಹಾಗಾದ್ರೆ ನೋಟಿಸ್ ಯಾರಿಗೆ ಕಳಿಸ್ಲಿ?" ಎಂದರು.

"ಕುವೈತಿಗೆ ಕಳ್ಸಿ. ಮೇಡಂ ಅಕ್ಷರ ಮುತ್ತಿನ ಹಾಗಿದೆ," ಎಂದರು ಫೋರ್‌ಮನ್ನರು. ನನಗೆ ಸಲ್ಲಬೇಕಾದದ್ದು ಸಂದಿತು.

"ಕಳಸ್ರಿ ಸಾಹೇಬ್ರ, ನಮ್ಮ ಹಳೇ ಮಾಲಕ ಓದತಾನ," ಎಂದರು ಗ್ರೈಂಡಿಂಗ್‌ನವರು. "ನನ್ನ ರಜಾ ಅರ್ಜೀನೇ ಓದಿರಲಿಲ್ಲ, ಇದನ್ನರ ಓದಲಿ."

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅರ್ಜಿಯನ್ನು ಹರಿಯಲು ಫೋರ್‌ಮನ್ನರು ಬಿಡಲಿಲ್ಲ. ಸಹಿ ಹಾಕಿದ ಕಾಗದವನ್ನು ಸುಮ್ಮನೆ ಹರಿಯುವುದು ಕ್ರಮವಲ್ಲ, ಕಾರ್ಖಾನೆಯಲ್ಲಿ ಯಾವುದೇ ದಾಖಲೆಯಲ್ಲಿ ಹೊಡೆದು ಹಾಕಿದರೆ ಪಕ್ಕದಲ್ಲಿ ಚಿಕ್ಕ ಸಹಿ ಇರಬೇಕು ಎಂದರು. ಬೀದಿಯ ಮುಕ್ಕಾಲು ಜನ ಅದೇ ಕಾರ್ಖಾನೆಯ ಉಪ್ಪು ತಿಂದವರು. ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಫೋರ್‌ಮನ್ನರು ತಾವೇ ಮೊದಲು ತಮ್ಮ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಮಿಕ್ಕವರು ಒಂದೇ ಪೆನ್ನಿಗೆ ಸಾಲು ನಿಂತರು. ಸಹಿಯನ್ನೇ ಹಾಕದಿದ್ದ ಮೂರು ಮನೆಯವರು, ನಾವೇನು ಮಾಡಬೇಕು ಎಂದು ಕೇಳಿದರು. ಅದಕ್ಕೂ ಅವರು ಸ್ವಲ್ಪ ಯೋಚಿಸಿ, ಸಾಕ್ಷಿ ಎಂದು ಬರೆದು ಸಹಿ ಹಾಕಿ ಎಂದರು.

ಮಂಗಳವಾರ ಗ್ರೈಂಡಿಂಗ್‌ನವರು ಓನರ್ ಹತ್ತಿರ ಇನ್ನೊಂದು ಮಾತು ಕೇಳಿದರಂತೆ. ಯಂತ್ರದ ಕೆಳಗೆ ಕಾಂಕ್ರೀಟ್ ಹಾಸು ಹಾಕಿಕೊಳ್ಳಲೇ ಎಂದು. ಅಲ್ಲಿಯವರೆಗೆ ಮೂರು ಶೆಡ್ಡಿನಲ್ಲೂ ಅವರು ಯಂತ್ರವನ್ನು ಮರದ ಹಲಗೆಯ ಮೇಲೆ ಕೂರಿಸಿದ್ದರು. ಯಾವಾಗ ಎಬ್ಬಿಸುತ್ತಾರೋ ತಿಳಿಯದ ಜಾಗದಲ್ಲಿ ಸಿಮೆಂಟು ಸುರಿಯುವುದು ಹೇಗೆ? ಹಲಗೆ ಅದುರಿ ಅದುರಿಯೇ ಅಷ್ಟು ಸದ್ದು, ಅಷ್ಟು ಪುಡಿ ಎಂದು ನಮ್ಮವರು ವಿವರಿಸಿದರು. ಓನರ್ ಒಪ್ಪಿದರು. ಫೋರ್‌ಮನ್ನರು ಪೆಟ್ಟಿಗೆಯಿಂದ ತಮ್ಮ ರಸಮಟ್ಟ ತೆಗೆದುಕೊಂಡು ಹೋಗಿ ಅರ್ಧ ದಿನ ಅಲ್ಲೇ ನಿಂತು, ಮೂಲೆ ಎತ್ತರವಾಯಿತು, ಇಳಿಯಿತು ಎಂದು ಗಾರೆಯವನ ಪ್ರಾಣ ತೆಗೆದರು. ನಾಲ್ಕು ಬೋಲ್ಟು ನೆಟ್ಟು, ಸುತ್ತ ಸಿಮೆಂಟು ತುಂಬಿ, ಗಂಡ ಹೆಂಡತಿ ಯುಗಾದಿಗೆ ಊರಿಗೆ ಹೊರಟರು.

ಹೋಗುವಾಗ ಆಕೆ ಶೆಡ್ಡಿನ ಬೀಗದ ಕೈ ತಂದು ನನ್ನ ಕೈಗೆ ಕೊಟ್ಟರು. "ದಿನಾ ಎರಡು ಹೊತ್ತು ನೀರ ಹಾಕ್ರಿ ಅಕ್ಕಾರ. ಏಳು ದಿನಾ ಹಸೀ ಇರಬೇಕಂತ್ರಿ."

ಏಳು ದಿನವೂ ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಹೊತ್ತುಕೊಂಡು ಹೋಗಿ, ಯಾರೂ ಇಲ್ಲದ ಆ ಶೆಡ್ಡಿನಲ್ಲಿ ಕಾಂಕ್ರೀಟಿನ ಮೇಲೆ ಚೊಂಬಿನಿಂದ ನಿಧಾನವಾಗಿ ನೀರು ಹಾಕಿದೆ. ಮೂರನೆಯ ದಿನದಿಂದ ಫೋರ್‌ಮನ್ನರು ಬಾಗಿಲಲ್ಲಿ ನಿಂತು, "ಆ ಬೋಲ್ಟಿನ ಹತ್ರ ಇನ್ನೊಂದು ಚೊಂಬು ಹಾಕಿ ಮೇಡಂ, ಅಲ್ಲಿ ಬೇಗ ಒಣಗತ್ತೆ," ಎನ್ನತೊಡಗಿದರು. ಹಾಕಿದೆ. ಏಳನೆಯ ದಿನ ಚೊಂಬಿನ ಅಂಚಿನಿಂದ ಹಾಸನ್ನು ತಟ್ಟಿ ನೋಡಿದೆ. ಕಲ್ಲಿನ ಹಾಗೆ ಟಣ್ಣೆಂದಿತು.